ಹೊರದೇಶದಿಂದ ಕಂಪ್ಯೂಟರ್ ಭಾಗಗಳನ್ನು ತರಿಸಿಕೊಂಡ ಅನುಭವ: ಪೆಟ್ಟಿಗೆಗಿಂತ ಮೊದಲು ಕಾಗದ

ಹೊರದೇಶದಿಂದ ತರಿಸಿದ ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ಮೆಮೊರಿ ಈಗ ಒಂದು ಯಂತ್ರವಾಗಿ ಕೆಲಸ ಮಾಡುತ್ತಿವೆ. ಕೊನೆಯ ಪರೀಕ್ಷೆ ಮುಗಿದು ಹೆಚ್ಚು ಸಮಯವಾಗಿಲ್ಲ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಕೊಳ್ಳುವ ಮುನ್ನ ನಾನು ಹುಡುಕಾಡಿದಾಗ ಜನರಿಂದ ಕೇಳಿದ್ದು ಎರಡೇ ಮಾತು: "ಅರ್ಧ ಬೆಲೆಗೆ ಸಿಗುತ್ತದೆ, ಕಣ್ಣು ಮುಚ್ಚಿಕೊಂಡು ತರಿಸಿ" ಅಥವಾ "ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಸಹವಾಸವೇ ಬೇಡ". ಎರಡೂ ಅರ್ಧ ನಿಜ. ಹಣ ಉಳಿಯುತ್ತದೆ, ಆದರೆ ಎಲ್ಲ ಭಾಗಗಳಲ್ಲೂ ಅಲ್ಲ. ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುವುದೂ ಉಂಟು, ಆದರೆ ಹೆಚ್ಚಿನ ಸಲ ಅದಕ್ಕೆ ಕಾರಣ ಪೆಟ್ಟಿಗೆಯೊಳಗಿನ ವಸ್ತುವಲ್ಲ, ಪೆಟ್ಟಿಗೆಯ ಮೇಲಿನ ಕಾಗದ.

ನನ್ನ ಕೆಲಸ ದ್ರವಗಳ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುವುದು. ಇಂಥ ಸಿಮ್ಯುಲೇಶನ್‌ಗಳಿಗೆ ಪ್ರೊಸೆಸರ್ ಎಷ್ಟು ಚುರುಕು ಎನ್ನುವುದಕ್ಕಿಂತ ಮೆಮೊರಿಯಿಂದ ದತ್ತಾಂಶ ಎಷ್ಟು ವೇಗವಾಗಿ ಬಂದು ಸೇರುತ್ತದೆ ಎನ್ನುವುದೇ ಮುಖ್ಯ. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಮೆಮೊರಿಗೆ ಎರಡು ಚಾನೆಲ್‌ಗಳು, ಅಂದರೆ ದತ್ತಾಂಶ ಸಾಗುವ ಎರಡು ದಾರಿಗಳು ಇರುತ್ತವೆ. 2019ರಲ್ಲಿ ಬಂದ ಎಎಮ್‌ಡಿ ಕಂಪನಿಯ ಎರಡನೇ ತಲೆಮಾರಿನ ಎಪಿಕ್ ಸರ್ವರ್ ಪ್ರೊಸೆಸರ್‌ಗಳಲ್ಲಿ ಎಂಟು ಚಾನೆಲ್‌ಗಳಿವೆ. ಅವು ಬಳಸುವ ಡಿಡಿಆರ್4-3200 ಮೆಮೊರಿಯ ಒಂದು ಚಾನೆಲ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು, ಎಂಟೂ ತುಂಬಿದರೆ 204.8 ಗಿಗಾಬೈಟ್. ಹೊಸ ಡೆಸ್ಕ್‌ಟಾಪ್‌ಗೆ ಡಿಡಿಆರ್5-5600 ಹಾಕಿದರೂ ಎರಡು ಚಾನೆಲ್‌ಗಳಿಂದ ಸಿಗುವುದು 89.6 ಮಾತ್ರ. ಅಂದರೆ ಕೆಲವು ವರ್ಷ ಹಳೆಯದಾದ ಸರ್ವರ್ ಭಾಗಗಳೇ ನನ್ನ ಕೆಲಸಕ್ಕೆ ಹೊಸ ಯಂತ್ರಕ್ಕಿಂತ ಹೊಂದುತ್ತಿದ್ದವು. ದೇಶದೊಳಗೆ ಅಂಥ ಭಾಗಗಳು ಸಿಗುವುದೇ ಅಪರೂಪವಾಗಿತ್ತು. ಸಿಕ್ಕರೂ ಬೆಲೆ ಹೊಸದಕ್ಕೆ ಹತ್ತಿರವಿತ್ತು.

ಹೊರಗೆ ಅವು ಅಷ್ಟು ಅಗ್ಗವೇಕೆ ಎಂಬುದನ್ನು ಮೊದಲು ಅರ್ಥ ಮಾಡಿಕೊಂಡೆ. ಕಾರಣ ಗೊತ್ತಿಲ್ಲದ ಅಗ್ಗವನ್ನು ನಂಬುವುದು ಕಷ್ಟ. ದೊಡ್ಡ ಡೇಟಾ ಸೆಂಟರ್‌ಗಳು ಕೆಲವು ವರ್ಷಗಳಿಗೊಮ್ಮೆ ಸಾವಿರಗಟ್ಟಲೆ ಸರ್ವರ್‌ಗಳನ್ನು ಒಟ್ಟಿಗೆ ಬದಲಾಯಿಸುತ್ತವೆ. ಕೆಟ್ಟಿವೆ ಎಂದಲ್ಲ, ಹೊಸವು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆ ಎಂದು. ಹೀಗೆ ಹೊರಬಿದ್ದವನ್ನು ಸಗಟಾಗಿ ಕೊಂಡವರು ಬಿಚ್ಚಿ, ಪರೀಕ್ಷಿಸಿ, ಬಿಡಿಬಿಡಿಯಾಗಿ ಮಾರುತ್ತಾರೆ. ಡೇಟಾ ಸೆಂಟರ್‌ಗಳು ಹೆಚ್ಚಿರುವ ದೇಶಗಳಲ್ಲಿ ಇಂಥ ಸರಕು ರಾಶಿ ಬೀಳುತ್ತದೆ, ಕೊಳ್ಳುವ ಮನೆಬಳಕೆದಾರರು ಕಡಿಮೆ. ಅಗ್ಗವಾಗಲು ಇಷ್ಟು ಸಾಕು. ಮೆಮೊರಿ ಮಾತ್ರ ಈಗ ಬೇರೆ ಕಥೆ. 2025ರ ಕೊನೆಯ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಸರ್ವರ್‌ಗಳ ಬೇಡಿಕೆಯಿಂದಾಗಿ ಜಗತ್ತಿನಾದ್ಯಂತ ಮೆಮೊರಿ ಬೆಲೆ ಏರಿತು, ಹಳೆಯ ಡಿಡಿಆರ್4 ಕೂಡ ಅದರ ಬಿಸಿಯಿಂದ ತಪ್ಪಿಸಿಕೊಳ್ಳಲಿಲ್ಲ.

ಏನನ್ನು ತರಿಸಬೇಕು, ಏನನ್ನು ತರಿಸಬಾರದು ಎಂಬ ವಿಂಗಡಣೆಯಲ್ಲೇ ಅರ್ಧ ಉಳಿತಾಯವಿದೆ. ಕೊರಿಯರ್ ಕಂಪನಿಗಳು ನಿಜವಾದ ತೂಕ ಮತ್ತು ಗಾತ್ರದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗ್ರಾಂನಲ್ಲಿ ಬರುತ್ತದೆ. 60, 50, 30 ಸೆಂಟಿಮೀಟರಿನ ಪೆಟ್ಟಿಗೆಯೊಳಗೆ ಒಂಬತ್ತು ಕಿಲೋದ ಖಾಲಿ ಕ್ಯಾಬಿನೆಟ್ ಇದ್ದರೂ ನೀವು ಹಣ ಕೊಡುವುದು ಹದಿನೆಂಟು ಕಿಲೋಗೆ. ಹಾಗಾಗಿ ಕ್ಯಾಬಿನೆಟ್, ಕೂಲರ್, ಫ್ಯಾನ್‌ಗಳನ್ನು ದೇಶದೊಳಗೇ ಕೊಂಡೆ. ಪವರ್ ಸಪ್ಲೈ ಕೂಡ ಇಲ್ಲಿಯದೇ: ಅದು ಭಾರ, ಅದಕ್ಕೆ ಹಲವು ದೇಶಗಳಲ್ಲಿ ಸುರಕ್ಷತಾ ಪ್ರಮಾಣಪತ್ರ ಬೇಕು, ಮತ್ತು ಕೆಟ್ಟರೆ ಸುತ್ತಮುತ್ತಲಿನದನ್ನೂ ಕರೆದುಕೊಂಡು ಹೋಗುವ ಭಾಗ ಅದು, ವಾರಂಟಿ ಕೈಗೆಟುಕುವಂತಿರಬೇಕು. ಸರ್ವರ್‌ನಿಂದ ಬಿಚ್ಚಿದ ಪವರ್ ಸಪ್ಲೈಗಳಲ್ಲಿ ಅನೇಕವು 200 ವೋಲ್ಟ್‌ಗಿಂತ ಮೇಲಿದ್ದರೆ ಮಾತ್ರ ಪೂರ್ಣ ಶಕ್ತಿ ಕೊಡುತ್ತವೆ, 110 ವೋಲ್ಟ್ ಇರುವ ಕಡೆಯವರು ಇದನ್ನೂ ನೋಡಿಕೊಳ್ಳಬೇಕು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದು ಬೆಲೆ ಮಾತ್ರ ದೊಡ್ಡದಿರುವ ಪ್ರೊಸೆಸರ್ ಮತ್ತು ಮೆಮೊರಿ ತರಿಸಲು ಎಲ್ಲಕ್ಕಿಂತ ಸೂಕ್ತ. ಮದರ್‌ಬೋರ್ಡ್ ನಡುವೆ ಬರುತ್ತದೆ. ಬೇರೆ ದಾರಿಯಿಲ್ಲದೆ ಅದನ್ನೂ ಪಟ್ಟಿಗೆ ಸೇರಿಸಿದೆ.

ಮಾರಾಟಗಾರರನ್ನು ಆರಿಸುವಾಗ ಬೆಲೆಗಿಂತ ಅವರು ಪ್ರಶ್ನೆಗೆ ಕೊಡುವ ಉತ್ತರವನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಮೊದಲ ಪ್ರಶ್ನೆ ಪ್ರೊಸೆಸರ್ ಬಗ್ಗೆ. ಕೆಲವು ದೊಡ್ಡ ಬ್ರ್ಯಾಂಡ್‌ಗಳ ಸರ್ವರ್‌ಗಳಲ್ಲಿ ಓಡಿದ ಎಪಿಕ್ ಪ್ರೊಸೆಸರ್‌ಗಳು 'ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್' ಎಂಬ ಸುರಕ್ಷತಾ ವ್ಯವಸ್ಥೆಯಿಂದಾಗಿ ಆ ಬ್ರ್ಯಾಂಡಿನ ಮದರ್‌ಬೋರ್ಡ್‌ಗಳಿಗೇ ಶಾಶ್ವತವಾಗಿ ಕಟ್ಟಿಹಾಕಲ್ಪಟ್ಟಿರುತ್ತವೆ. ಚಿಪ್ಪಿನೊಳಗೆ ಒಮ್ಮೆ ಆದ ಆ ಬದಲಾವಣೆಯನ್ನು ಯಾರಿಂದಲೂ ಹಿಂತೆಗೆಯಲಾಗದು. ಬೇರೆ ಬೋರ್ಡಿನಲ್ಲಿ ಹಾಕಿದರೆ ಅದು ಎದ್ದೇಳುವುದೇ ಇಲ್ಲ. "ಈ ಪ್ರೊಸೆಸರ್ ಯಾವ ಯಂತ್ರದಿಂದ ಬಂದದ್ದು, ಲಾಕ್ ಆಗಿಲ್ಲ ಎಂದು ಬರಹದಲ್ಲಿ ಕೊಡುವಿರಾ?" ಎಂದು ಕೇಳಿದೆ. ಒಬ್ಬರು "ನಮ್ಮಲ್ಲಿ ಎಲ್ಲವೂ ಒಳ್ಳೆಯ ಸ್ಥಿತಿಯಲ್ಲಿದೆ" ಎಂದಷ್ಟೇ ಬರೆದರು, ಅವರನ್ನು ಬಿಟ್ಟೆ. ಇನ್ನೊಬ್ಬರು ಅದೇ ಪ್ರೊಸೆಸರ್ ಬೇರೆ ಕಂಪನಿಯ ಬೋರ್ಡಿನಲ್ಲಿ ಓಡುತ್ತಿರುವ ಪರದೆಯ ಚಿತ್ರವನ್ನು ಸೀರಿಯಲ್ ಸಂಖ್ಯೆಯೊಂದಿಗೆ ಕಳಿಸಿದರು. ಅವರ ಬೆಲೆ ಸ್ವಲ್ಪ ಹೆಚ್ಚಿತ್ತು, ಆದರೂ ಅವರಿಂದಲೇ ಕೊಂಡೆ.

ಎರಡನೇ ಪ್ರಶ್ನೆ ಮೆಮೊರಿಯದು. ಸರ್ವರ್‌ಗಳ ರಿಜಿಸ್ಟರ್ಡ್ ಮೆಮೊರಿಗೂ ಡೆಸ್ಕ್‌ಟಾಪ್‌ನ ಸಾಮಾನ್ಯ ಮೆಮೊರಿಗೂ ಡಿಡಿಆರ್4ರಲ್ಲಿ 288 ಪಿನ್‌ಗಳೇ, ಕಚ್ಚು ಇರುವುದೂ ಒಂದೇ ಜಾಗದಲ್ಲಿ. ಹಾಕಿದರೆ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಅಗ್ಗದ ರಿಜಿಸ್ಟರ್ಡ್ ಮೆಮೊರಿ ನೋಡಿ ಡೆಸ್ಕ್‌ಟಾಪ್‌ಗೆ ತರಿಸಲು ಹೊರಟವರು ದಯವಿಟ್ಟು ಇಲ್ಲೇ ನಿಲ್ಲಿ. ಮೂರನೆಯದು ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್. ಎಪಿಕ್‌ನ ಎಸ್‌ಪಿ3 ಸಾಕೆಟ್‌ನಲ್ಲಿ 4094 ಸ್ಪರ್ಶಬಿಂದುಗಳಿವೆ, ಕೂದಲೆಳೆಯಂಥ ಪಿನ್‌ಗಳು. ಒಂದು ಬಾಗಿದರೂ ಒಂದು ಮೆಮೊರಿ ಚಾನೆಲ್ಲೋ ಒಂದು ಸ್ಲಾಟೋ ಮಾಯವಾಗಬಹುದು. ಓರೆ ಬೆಳಕಿನಲ್ಲಿ ತೆಗೆದ ಸಾಕೆಟ್‌ನ ಚಿತ್ರ ಕೇಳಿ ಪಡೆದುಕೊಂಡೆ. ಕಳಿಸುವಾಗ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕಳಿಸಬೇಕು ಎಂದೂ ಬರೆದೆ.

ಇನ್ನು ಲೆಕ್ಕ. ಜಗತ್ತಿನ ಬಹುತೇಕ ದೇಶಗಳು ವಸ್ತುಗಳನ್ನು ವಿಂಗಡಿಸಲು ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್‌ಎಸ್ ಕೋಡ್‌ಗಳನ್ನೇ ಬಳಸುತ್ತವೆ, ಮೊದಲ ಆರು ಅಂಕಿ ಎಲ್ಲೆಡೆ ಒಂದೇ. ಪೂರ್ಣ ಕಂಪ್ಯೂಟರ್‌ಗಳು 8471ರ ಅಡಿಯಲ್ಲಿ ಬರುತ್ತವೆ. ಮದರ್‌ಬೋರ್ಡ್‌ನಂಥ ಭಾಗಗಳಿಗೆ 8473.30, ಬಿಡಿ ಪ್ರೊಸೆಸರ್‌ಗೆ 8542.31, ಹಾರ್ಡ್ ಡಿಸ್ಕ್‌ಗೆ 8471.70, ಪವರ್ ಸಪ್ಲೈಗೆ 8504.40. ಇವನ್ನು ತಿಳಿದುಕೊಂಡರೆ ನಿಮ್ಮ ದೇಶದ ಸುಂಕದ ಪಟ್ಟಿಯಲ್ಲಿ ದರವನ್ನು ನೀವೇ ಹುಡುಕಬಹುದು. ವಿಶ್ವ ವ್ಯಾಪಾರ ಸಂಸ್ಥೆಯಡಿ 1996ರಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ದೇಶಗಳು ಕಂಪ್ಯೂಟರ್ ಮತ್ತು ಅದರ ಭಾಗಗಳ ಮೇಲಿನ ಸುಂಕವನ್ನು ಸೊನ್ನೆಗೆ ಇಳಿಸಲು ಒಪ್ಪಿವೆ. ನನ್ನ ಪಟ್ಟಿಯ ವಸ್ತುಗಳಿಗೂ ಸುಂಕ ಸೊನ್ನೆಯೇ ಇತ್ತು. ಇದನ್ನು ಓದಿ ಹಿಗ್ಗುವ ಮುನ್ನ ಒಂದು ಮಾತು: ಸುಂಕ ಬೇರೆ, ಮಾರಾಟ ತೆರಿಗೆ ಬೇರೆ. ದೇಶದೊಳಗೆ ಕೊಂಡರೆ ಕಟ್ಟುವ ತೆರಿಗೆಯನ್ನು ಹೊರಗಿನಿಂದ ಬಂದ ವಸ್ತುವಿಗೂ ಗಡಿಯಲ್ಲಿ ಕಟ್ಟಬೇಕಾಗುತ್ತದೆ. ಹೆಚ್ಚಿನ ದೇಶಗಳಲ್ಲಿ ಈ ತೆರಿಗೆ ಬರೀ ವಸ್ತುವಿನ ಬೆಲೆಯ ಮೇಲಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ ಬೀಳುತ್ತದೆ. ಪರಿವರ್ತನೆಯ ದರವೂ ನಿಮ್ಮ ಬ್ಯಾಂಕಿನದಲ್ಲ, ಕಸ್ಟಮ್ಸ್ ಇಲಾಖೆ ಪ್ರಕಟಿಸಿದ್ದು.

ಚಿಕ್ಕ ಮೊತ್ತಕ್ಕೆ ತೆರಿಗೆಯಿಲ್ಲ ಎಂಬ ಹಳೆಯ ಸಲಹೆಯನ್ನೂ ಈಗ ನಂಬಿಕೊಂಡು ಕೂರಬೇಡಿ. ಯುರೋಪಿಯನ್ ಒಕ್ಕೂಟ 22 ಯೂರೋವರೆಗಿನ ವಸ್ತುಗಳಿಗಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಿಂದ ತೆಗೆದುಹಾಕಿತು. ಅಮೆರಿಕ 800 ಡಾಲರ್‌ವರೆಗಿನ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಕೊಳ್ಳುವ ವಾರದಲ್ಲಿ ಯಾವ ನಿಯಮವಿದೆ ಎಂದು ಸ್ವಂತವಾಗಿ ನೋಡಿಕೊಳ್ಳುವುದೇ ಸರಿ.

ಮಾರಾಟಗಾರರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಡಿಎಪಿಯೋ ಡಿಡಿಪಿಯೋ ಎಂದು ಕೇಳಿ. ಮೊದಲನೆಯದರಲ್ಲಿ ಸುಂಕ ಮತ್ತು ತೆರಿಗೆ ಕೊಳ್ಳುವವರ ತಲೆಯ ಮೇಲೆ, ಎರಡನೆಯದರಲ್ಲಿ ಮಾರುವವರದು. ನನ್ನದು ಡಿಎಪಿ. ಮಾತಿನ ನಡುವೆ ಅವರು, "ಬೇಕಿದ್ದರೆ ಉಡುಗೊರೆ ಎಂದು ಬರೆದು ಬೆಲೆ ಕಡಿಮೆ ತೋರಿಸುತ್ತೇನೆ" ಎಂದರು. ಸದುದ್ದೇಶದಿಂದಲೇ ಹೇಳಿರಬೇಕು. ನಾನು ಬೇಡವೆಂದೆ. ಅದು ಕಾನೂನಿಗೆ ವಿರುದ್ಧ. ಪೆಟ್ಟಿಗೆ ಕಳೆದುಹೋದರೆ ವಿಮೆಯವರೂ ಕಾಗದದಲ್ಲಿ ಬರೆದ ಬೆಲೆಯನ್ನಷ್ಟೇ ಕೊಡುತ್ತಾರೆ. ಅದರ ಬದಲು ಇನ್‌ವಾಯ್ಸ್ ಹೇಗಿರಬೇಕು ಎಂದು ನಾನೇ ಬರೆದು ಕಳಿಸಿದೆ: ಪ್ರತಿ ವಸ್ತುವಿನ ಹೆಸರು, ಮಾದರಿ, ಸೀರಿಯಲ್ ಸಂಖ್ಯೆ, ಎಚ್‌ಎಸ್ ಕೋಡ್, ತಯಾರಾದ ದೇಶ, ಕೊಟ್ಟ ಬೆಲೆ, ಮತ್ತು "ಬಳಸಿದ್ದು, ಪರೀಕ್ಷಿಸಲಾಗಿದೆ, ಕೆಲಸ ಮಾಡುವ ಸ್ಥಿತಿಯಲ್ಲಿದೆ" ಎಂಬ ಸಾಲು. ತಯಾರಾದ ದೇಶವೆಂದರೆ ಕಳಿಸುತ್ತಿರುವ ದೇಶವಲ್ಲ, ವಸ್ತುವಿನ ಮೇಲೆ ಅಚ್ಚಾಗಿರುವುದು. ಈ ಕಾಗದವೇ ಮುಂದೆ ನನ್ನನ್ನು ಕಾಪಾಡಿದ್ದು.

ಹಣ ಕಟ್ಟುವುದೂ ಸಲೀಸಾಗಿ ಆಗಲಿಲ್ಲ. ಹೊರದೇಶದ ದೊಡ್ಡ ಮೊತ್ತ ಕಂಡ ಕೂಡಲೇ ಬ್ಯಾಂಕ್ ಕಾರ್ಡನ್ನು ತಡೆಹಿಡಿಯಿತು. ಕರೆ ಮಾಡಿ, ಗುರುತು ದೃಢಪಡಿಸಿ, ಹೊರದೇಶದ ಪಾವತಿಯ ಮಿತಿಯನ್ನು ಏರಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಮಾರಾಟಗಾರರು ಕಾಯ್ದಿರಿಸಿದ ಅವಧಿ ಮುಗಿಯುತ್ತಾ ಬಂದಿತ್ತು. ಮುಂಚೆಯೇ ಬ್ಯಾಂಕಿಗೆ ತಿಳಿಸಿಟ್ಟರೆ ಈ ಗಡಿಬಿಡಿ ತಪ್ಪುತ್ತದೆ. ಹಣ ಕಟ್ಟುವ ಪುಟದಲ್ಲಿ "ನಿಮ್ಮ ಸ್ವಂತ ಕರೆನ್ಸಿಯಲ್ಲಿ ಪಾವತಿಸಿ" ಎಂಬ ಆಯ್ಕೆ ಬಂದರೆ ಒಪ್ಪಬೇಡಿ, ಆ ಪರಿವರ್ತನೆಯ ದರ ಸಾಮಾನ್ಯವಾಗಿ ದುಬಾರಿ. ಕಾರ್ಡ್ ಮೂಲಕವೇ ಕಟ್ಟಿ. ವಸ್ತು ಬಾರದಿದ್ದರೆ ಅಥವಾ ಹೇಳಿದ್ದೇ ಬೇರೆ ಬಂದದ್ದೇ ಬೇರೆಯಾದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ದಾರಿ ಇರುತ್ತದೆ. ನೇರ ಬ್ಯಾಂಕ್ ವರ್ಗಾವಣೆ ಮಾಡಿದರೆ ಆ ಬಾಗಿಲು ಮುಚ್ಚುತ್ತದೆ.

ಪೆಟ್ಟಿಗೆ ಹೊರಡುವ ಮೊದಲೇ ಒಂದು ತೊಡಕು. ಕೊರಿಯರ್‌ನವರು ಪೆಟ್ಟಿಗೆಯಲ್ಲಿ ಲಿಥಿಯಂ ಬ್ಯಾಟರಿ ಇದೆಯೇ ಎಂದು ಮಾರಾಟಗಾರರನ್ನು ಕೇಳಿದರು, ಅವರು ನನ್ನನ್ನು ಕೇಳಿದರು. ಮದರ್‌ಬೋರ್ಡಿನಲ್ಲಿ ಸಮಯವನ್ನು ನೆನಪಿಟ್ಟುಕೊಳ್ಳಲು ನಾಣ್ಯದ ಗಾತ್ರದ ಸಿಆರ್2032 ಬ್ಯಾಟರಿ ಇದ್ದೇ ಇರುತ್ತದೆ, ಅದು ಲಿಥಿಯಂ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ನಿಯಮಗಳ ಪ್ರಕಾರ ಸರ್ಕ್ಯೂಟ್ ಬೋರ್ಡಿನಲ್ಲಿ ಕೂರಿಸಿರುವ ಇಂಥ ಗುಂಡಿ ಬ್ಯಾಟರಿಗಳಷ್ಟೇ ಇರುವ ಪೆಟ್ಟಿಗೆಗೆ ಬ್ಯಾಟರಿಯ ಎಚ್ಚರಿಕೆ ಚೀಟಿ ಬೇಕಿಲ್ಲ. ಅದೇ ಬ್ಯಾಟರಿಯನ್ನು ತೆಗೆದು ಪಕ್ಕದಲ್ಲಿ ಬಿಡಿಯಾಗಿ ಇಟ್ಟರೆ ಅದು ಬೇರೆಯೇ ವರ್ಗಕ್ಕೆ ಸೇರಿ ತೊಂದರೆ ಹೆಚ್ಚಾಗುತ್ತದೆ. ಆದರೂ ಕೌಂಟರಿನಲ್ಲಿರುವ ಪ್ರತಿಯೊಬ್ಬರಿಗೂ ಈ ಸೂಕ್ಷ್ಮ ಗೊತ್ತಿರುವುದಿಲ್ಲ. ವಾದ ಮಾಡುತ್ತಾ ಕೂರುವ ಬದಲು ಬ್ಯಾಟರಿಯನ್ನು ತೆಗೆದು ತಮ್ಮ ಬಳಿಯೇ ಇಟ್ಟುಕೊಂಡು ಬೋರ್ಡನ್ನಷ್ಟೇ ಕಳಿಸಲು ಮಾರಾಟಗಾರರಿಗೆ ಹೇಳಿದೆ. ಹೊಸ ಸಿಆರ್2032 ಎಲ್ಲೆಡೆ ಸಿಗುತ್ತದೆ. ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ರೇಡ್ ಕಾರ್ಡ್ ತರಿಸುವವರು ಅದಕ್ಕೆ ಅಂಟಿಕೊಂಡಿರುವ ಬ್ಯಾಕಪ್ ಬ್ಯಾಟರಿಯ ಬಗ್ಗೆಯೂ ಮೊದಲೇ ಕೇಳಿಕೊಳ್ಳಿ.

ಆಮೇಲೆ ಕಾಯುವಿಕೆ. ಟ್ರ್ಯಾಕಿಂಗ್ ಪುಟ ಮೊದಲಿಗೆ ಚುರುಕಾಗಿ ಬದಲಾಗುತ್ತಿತ್ತು: ಪಡೆದುಕೊಳ್ಳಲಾಗಿದೆ, ವಿಮಾನ ನಿಲ್ದಾಣ ತಲುಪಿದೆ, ಹೊರಟಿದೆ. ದೇಶದೊಳಗೆ ಬಂದ ಮೇಲೆ "ಕ್ಲಿಯರೆನ್ಸ್ ವಿಳಂಬ" ಎಂಬ ಒಂದೇ ಸಾಲು ಬಂದು ನಿಂತಿತು. ಬೆಳಿಗ್ಗೆ ಎದ್ದ ಕೂಡಲೇ ನೋಡುವುದು, ಊಟದ ಹೊತ್ತಿಗೆ ನೋಡುವುದು, ಮಲಗುವ ಮುನ್ನ ಇನ್ನೊಮ್ಮೆ. ಅದೇ ಸಾಲು. ಕೂಡಿಟ್ಟ ಹಣದ ದೊಡ್ಡ ಪಾಲು ಆ ಪೆಟ್ಟಿಗೆಯಲ್ಲಿತ್ತು, ಮನಸ್ಸು ಬೇರೆ ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಟ್ರ್ಯಾಕಿಂಗ್ ಪುಟ ಕಾರಣ ಹೇಳುವುದಿಲ್ಲ. ಕೊರಿಯರ್ ಕಂಪನಿಯ ಕಸ್ಟಮ್ಸ್ ವಿಭಾಗಕ್ಕೆ ನೇರವಾಗಿ ಕರೆ ಮಾಡಿದಾಗಲೇ ವಿಷಯ ತಿಳಿದದ್ದು. ಸಾಮಾನ್ಯ ಗ್ರಾಹಕ ಸೇವೆಗೆ ಕರೆ ಮಾಡಿದರೆ ಅವರೂ ನೀವು ನೋಡುತ್ತಿರುವ ಅದೇ ಪುಟವನ್ನು ಓದಿ ಹೇಳುತ್ತಾರೆ.

ಆ ವಿಭಾಗದ ಸಿಬ್ಬಂದಿ ಸೌಜನ್ಯದಿಂದಲೇ ಮಾತಾಡಿದರು. "ಏರ್‌ವೇ ಬಿಲ್‌ನಲ್ಲಿ ಬರೀ 'ಕಂಪ್ಯೂಟರ್ ಭಾಗಗಳು' ಎಂದಿದೆ. ಒಳಗೆ ಏನಿದೆ, ಹೊಸದೋ ಹಳೆಯದೋ ಎಂದು ಅಧಿಕಾರಿಗಳು ಕೇಳುತ್ತಿದ್ದಾರೆ" ಎಂದರು. ಇನ್‌ವಾಯ್ಸ್‌ನಲ್ಲಿ ಎಲ್ಲ ವಿವರವೂ ಇದೆಯಲ್ಲ ಎಂದರೆ, ಅದು ಪೆಟ್ಟಿಗೆಯ ಒಳಗಿದೆ, ತಮ್ಮ ವ್ಯವಸ್ಥೆಗೆ ಬಂದಿಲ್ಲ ಎಂಬ ಉತ್ತರ ಬಂತು. ಮಾರಾಟಗಾರರು ಏರ್‌ವೇ ಬಿಲ್, ಅಂದರೆ ಕೊರಿಯರ್ ಚೀಟಿ ತಯಾರಿಸುವಾಗ ವಿವರಣೆಯ ಜಾಗದಲ್ಲಿ ಆ ಎರಡೇ ಪದ ಬರೆದು, ಇನ್‌ವಾಯ್ಸನ್ನು ಅಪ್‌ಲೋಡ್ ಮಾಡದೆ ಒಳಗಿಟ್ಟು ಮುಚ್ಚಿದ್ದರು. ಮುಂದೆ ತರಿಸುವವರು ಇದನ್ನು ಗಟ್ಟಿಯಾಗಿ ನೆನಪಿಡಿ: ಇನ್‌ವಾಯ್ಸ್ ಕೊರಿಯರ್‌ನ ವ್ಯವಸ್ಥೆಯಲ್ಲಿ ಸೇರಿರಬೇಕು, ಪೆಟ್ಟಿಗೆಯ ಹೊರಗೆ ಪಾರದರ್ಶಕ ಚೀಲದಲ್ಲೂ ಇರಬೇಕು, ಏರ್‌ವೇ ಬಿಲ್‌ನ ವಿವರಣೆ ಇನ್‌ವಾಯ್ಸ್‌ಗೆ ಹೊಂದಬೇಕು. ಚೀಟಿ ಅಂಟಿಸುವ ಮೊದಲು ಅದರ ಚಿತ್ರ ಕಳಿಸಲು ಕೇಳಿದರೂ ನಡೆಯುತ್ತದೆ.

ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ದೊಡ್ಡ ಹಿನ್ನೆಲೆಯಿದೆ. ಅಪಾಯಕಾರಿ ತ್ಯಾಜ್ಯಗಳ ಸಾಗಣೆಯನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ 1989ರಲ್ಲಿ ಅಂಗೀಕಾರವಾಗಿ 1992ರಲ್ಲಿ ಜಾರಿಗೆ ಬಂತು. 2025ರ ಜನವರಿ 1ರಿಂದ ಅದರ ತಿದ್ದುಪಡಿ ಜಾರಿಯಲ್ಲಿದ್ದು, ಅಪಾಯಕಾರಿ ಇರಲಿ ಇಲ್ಲದಿರಲಿ, ಇ-ತ್ಯಾಜ್ಯ ಎಲ್ಲವೂ ಆಯಾ ದೇಶಗಳ ಪೂರ್ವಾನುಮತಿ ಪಡೆದೇ ಗಡಿ ದಾಟಬೇಕು. ಕೆಲಸ ಮಾಡುವ ಹಳೆಯ ಮದರ್‌ಬೋರ್ಡ್ ತ್ಯಾಜ್ಯವಲ್ಲ. ಆದರೆ ಸ್ಕ್ಯಾನರ್‌ನಲ್ಲಿ ಕೆಟ್ಟ ಬೋರ್ಡ್ ಮತ್ತು ಒಳ್ಳೆಯ ಬೋರ್ಡ್ ಒಂದೇ ಥರ ಕಾಣುತ್ತವೆ. ಅಧಿಕಾರಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೆಲವು ದೇಶಗಳು ಹಳೆಯ ಎಲೆಕ್ಟ್ರಾನಿಕ್ ವಸ್ತುಗಳನ್ನು ತರಿಸುವುದನ್ನೇ ನಿರ್ಬಂಧಿಸಿವೆ, ಅಂಥಲ್ಲಿ ಈ ದಾರಿಯೇ ಇಲ್ಲ. ಹಣ ಕಟ್ಟುವ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಿ.

ನಾನು ಕಳಿಸಿದ್ದು ಇಷ್ಟು: ವಿವರವಾದ ಇನ್‌ವಾಯ್ಸ್, ಮಾರಾಟಗಾರರು ಕೊಟ್ಟಿದ್ದ ಪರೀಕ್ಷೆಯ ಚಿತ್ರಗಳು, ಸ್ವಂತ ಬಳಕೆಗೆ ಎಂಬ ಸಹಿ ಮಾಡಿದ ಪತ್ರ, ಗುರುತಿನ ಚೀಟಿ. ಗುರುತಿನ ಚೀಟಿಯಲ್ಲಿದ್ದ ಹೆಸರು ಮತ್ತು ಪೆಟ್ಟಿಗೆಯ ಮೇಲಿನ ಹೆಸರು ಅಕ್ಷರಶಃ ಒಂದೇ ಇರಬೇಕು ಎಂದು ಆ ಸಿಬ್ಬಂದಿ ಹೇಳಿದರು. ಆರ್ಡರ್ ಮಾಡುವಾಗ ಪೂರ್ಣ ಹೆಸರು ಕೊಟ್ಟಿದ್ದರಿಂದ ಅದರಲ್ಲಿ ತೊಡಕಾಗಲಿಲ್ಲ.

ಇಷ್ಟಾದ ಮೇಲೆ ಇನ್ನೇನು ಬಂದೇಬಿಟ್ಟಿತು ಎಂದುಕೊಂಡಿರುವಾಗ ಎರಡನೇ ಪ್ರಶ್ನೆ ಬಂತು: ಬೆಲೆ ತೀರಾ ಕಡಿಮೆ ಇದೆ. ಅದೇ ಮಾದರಿಯ ಪ್ರೊಸೆಸರ್ ಹೊಸದಾಗಿದ್ದಾಗಿನ ಬೆಲೆಗೆ ಹೋಲಿಸಿ, ಇದು ನಿಜವಾದ ಬೆಲೆಯಲ್ಲ ಎಂಬ ಶಂಕೆ ಎತ್ತಿದ್ದರು. ಆ ಬೆಲೆಯ ಮೇಲೆ ತೆರಿಗೆ ಹಾಕಿದ್ದರೆ ಉಳಿತಾಯವೆಲ್ಲ ಅಲ್ಲೇ ಕರಗುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರಾಮಾಣಿಕವಾಗಿ ಕೊಟ್ಟ ಬೆಲೆಯನ್ನೇ ಬರೆಸಿದ ಮೇಲೂ ಸುಳ್ಳುಗಾರರ ಸಾಲಿನಲ್ಲಿ ನಿಂತಂತಾಯಿತಲ್ಲ ಎಂಬ ಸಂಕಟ.

ಇಲ್ಲಿ ಉಪಯೋಗಕ್ಕೆ ಬಂದದ್ದು ವಿಶ್ವ ವ್ಯಾಪಾರ ಸಂಸ್ಥೆಯ ಸುಂಕ ಮೌಲ್ಯಮಾಪನ ಒಪ್ಪಂದ. ಅದರ ಮೂಲ ತತ್ವ ಸರಳವಾಗಿದೆ: ವಸ್ತುವಿಗೆ ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆಯೇ ಮೌಲ್ಯಕ್ಕೆ ಆಧಾರ. ಅಧಿಕಾರಿಗೆ ಶಂಕೆ ಬಂದರೆ ವಿವರಣೆ ಕೇಳಬಹುದು, ತರಿಸಿಕೊಂಡವರು ಸಾಕ್ಷ್ಯ ಕೊಡಬಹುದು. ನಾನು ಮಾರಾಟದ ಪುಟದ ಪ್ರತಿ, ಕಾರ್ಡಿನ ವಿವರಪಟ್ಟಿಯಲ್ಲಿ ಆ ಪಾವತಿಯ ಸಾಲು, ಮಾರಾಟಗಾರರೊಂದಿಗಿನ ಪತ್ರವ್ಯವಹಾರ, ಅದೇ ಮಾದರಿಯ ಹಳೆಯ ಪ್ರೊಸೆಸರ್‌ಗೆ ಬೇರೆ ಮಾರಾಟಗಾರರು ಹೇಳುತ್ತಿದ್ದ ಬೆಲೆಗಳು, ಇಷ್ಟನ್ನೂ ಒಂದೇ ಕಡತವಾಗಿ ಜೋಡಿಸಿ, ಮೇಲೆ ಅರ್ಧ ಪುಟದ ವಿವರಣೆ ಬರೆದು ಕಳಿಸಿದೆ. ಕೋಪವನ್ನು ಕಾಗದಕ್ಕೆ ಇಳಿಸಲಿಲ್ಲ. ವಸ್ತು 2019ರ ತಲೆಮಾರಿನದು, ಬಳಸಿದ್ದು, ತಯಾರಕರ ವಾರಂಟಿ ಇಲ್ಲ, ಆದ್ದರಿಂದ ಈ ಬೆಲೆ, ಎಂದು ಮಾತ್ರ ಬರೆದೆ. ಕೆಲವು ದಿನ ಸುದ್ದಿಯೇ ಇಲ್ಲ. ಮತ್ತೆ ಕರೆ ಮಾಡಿದಾಗ ಕಡತ ಅಧಿಕಾರಿಯ ಮೇಜಿನ ಮೇಲಿದೆ ಎಂದರು. ಕೊನೆಗೆ ಕೊಟ್ಟ ಬೆಲೆಯನ್ನೇ ಒಪ್ಪಿಕೊಂಡು ತೆರಿಗೆಯ ಚೀಟಿ ಬಂದಾಗ ಎದೆಯ ಮೇಲಿನ ಭಾರ ಇಳಿಯಿತು.

ತೆರಿಗೆಯ ಚೀಟಿಯಲ್ಲಿ ತೆರಿಗೆಯ ಜತೆ ಇನ್ನೂ ಎರಡು ಸಾಲುಗಳಿದ್ದವು. ನಿಮ್ಮ ಪರವಾಗಿ ತೆರಿಗೆ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿ ಪಡೆಯುವ ಸೇವಾ ಶುಲ್ಕ ಒಂದು. ಉಚಿತ ಅವಧಿ ಮೀರಿ ಗೋದಾಮಿನಲ್ಲಿ ಇಟ್ಟುಕೊಂಡದ್ದಕ್ಕೆ ಬಾಡಿಗೆ ಇನ್ನೊಂದು. ಪ್ರಶ್ನೋತ್ತರ ನಡೆದಷ್ಟು ದಿನವೂ ಆ ಬಾಡಿಗೆ ಏರುತ್ತಲೇ ಇರುತ್ತದೆ. ಆದ್ದರಿಂದ ಕೇಳಿದ ದಾಖಲೆಯನ್ನು ಅದೇ ದಿನ ಕೊಡುವಂತೆ ಎಲ್ಲವನ್ನೂ ಮೊದಲೇ ಒಂದು ಫೋಲ್ಡರ್‌ನಲ್ಲಿ ಸಿದ್ಧವಾಗಿಟ್ಟುಕೊಳ್ಳಿ.

ಪೆಟ್ಟಿಗೆ ಬಂದಾಗ ಒಂದು ಮೂಲೆ ಒಳಕ್ಕೆ ಕುಸಿದಿತ್ತು. ಸಹಿ ಮಾಡುವ ಮೊದಲು ಅದನ್ನು ತಲುಪಿಸುವವರ ಎದುರೇ ಚಿತ್ರ ತೆಗೆದು, ರಸೀದಿಯಲ್ಲಿ "ಮೂಲೆ ಜಜ್ಜಿದೆ" ಎಂದು ಬರೆದು ಸಹಿ ಹಾಕಿದೆ. ಬಿಚ್ಚುವುದನ್ನು ಪೂರ್ತಿ ವಿಡಿಯೊ ಮಾಡಿದೆ, ಮುಚ್ಚಿದ ಟೇಪ್‌ನಿಂದ ಹಿಡಿದು ಸೀರಿಯಲ್ ಸಂಖ್ಯೆಗಳವರೆಗೆ, ಎಲ್ಲೂ ತಡೆಯದೆ. ಮದರ್‌ಬೋರ್ಡ್ ಬೂದು ಹೊಳಪಿನ ಚೀಲದಲ್ಲಿ ಬಂದಿತ್ತು. ಮೆಮೊರಿ ಪಟ್ಟಿಗಳು ಮಾತ್ರ ಗುಲಾಬಿ ಬಣ್ಣದ ಪ್ಲಾಸ್ಟಿಕ್‌ನಲ್ಲಿದ್ದವು. ಗುಲಾಬಿ ಚೀಲ ತಾನಾಗಿ ಸ್ಥಿರ ವಿದ್ಯುತ್ ಹುಟ್ಟಿಸುವುದಿಲ್ಲ ಅಷ್ಟೆ, ಹೊರಗಿನಿಂದ ಬರುವ ಆಘಾತವನ್ನು ತಡೆಯುವುದಿಲ್ಲ. ತಡೆಯುವುದು ಲೋಹದ ಲೇಪವಿರುವ ಬೂದು ಚೀಲ. ಕಳಿಸುವ ಮುನ್ನವೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಸಾಕೆಟ್‌ನ ಮುಚ್ಚಳ ತೆಗೆದು, ಟಾರ್ಚನ್ನು ಬದಿಯಿಂದ ಹಿಡಿದು ಸಾಲುಸಾಲಾಗಿ ನೋಡಿದೆ. ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ವಾಲಿ, ಬೆಳಕು ಬಿದ್ದಾಗ ಒಂದೇ ರೀತಿ ಮಿನುಗಬೇಕು. ಒಂದು ಪಿನ್ ಬಾಗಿದ್ದರೂ ಆ ಮಿನುಗಿನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಇಲ್ಲಿ ಎಲ್ಲ ಸರಿಯಿತ್ತು. ಪ್ರೊಸೆಸರ್ ಕೂರಿಸುವ ಚೌಕಟ್ಟಿನ ಮೂರು ತಿರುಪುಗಳ ಪಕ್ಕದಲ್ಲಿ 1, 2, 3 ಎಂದು ಅಚ್ಚಾಗಿರುತ್ತದೆ. ಅದೇ ಕ್ರಮದಲ್ಲಿ ಬಿಗಿಯಬೇಕು. ಕ್ರಮ ತಪ್ಪಿದರೆ ಒತ್ತಡ ಒಂದು ಕಡೆ ಹೆಚ್ಚಾಗಿ ಕೆಲವು ಮೆಮೊರಿ ಚಾನೆಲ್‌ಗಳು ಕಾಣಿಸಿಕೊಳ್ಳುವುದಿಲ್ಲ.

ಯಂತ್ರ ಎದ್ದಿತು. ಎಂಟು ಮೆಮೊರಿ ಪಟ್ಟಿಗಳೂ ಪರದೆಯ ಮೇಲೆ ಕಂಡವು. ಅಲ್ಲಿಗೇ ನಿಲ್ಲಿಸದೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಪರದೆಯಲ್ಲಿ ದೋಷ ತೋರಿಸುವ ಕೆಂಪು ಸಾಲುಗಳು. ಪಟ್ಟಿಗಳನ್ನು ಒಂದೊಂದಾಗಿ ಬದಲಿಸಿ ಪರೀಕ್ಷಿಸಿದಾಗ ದೋಷ ಒಂದೇ ಪಟ್ಟಿಯ ಬೆನ್ನು ಹತ್ತಿ ಸ್ಲಾಟಿನಿಂದ ಸ್ಲಾಟಿಗೆ ಹೋಯಿತು. ಅಂದರೆ ಬೋರ್ಡ್ ಸರಿಯಾಗಿದೆ, ಪಟ್ಟಿ ಕೆಟ್ಟಿದೆ. ಈ ಪರೀಕ್ಷೆಯನ್ನು ಮಾರಾಟಗಾರರು ಕೊಟ್ಟ ವಾಪಸಾತಿಯ ಅವಧಿಯೊಳಗೇ ಮುಗಿಸಬೇಕು. ಕಸ್ಟಮ್ಸ್‌ನಲ್ಲಿ ನಿಂತ ದಿನಗಳು ಆ ಅವಧಿಯನ್ನು ತಿಂದುಬಿಡುವ ಸಾಧ್ಯತೆ ಇರುವುದರಿಂದ, ಅವಧಿ ಕಳಿಸಿದ ದಿನದಿಂದಲೋ ತಲುಪಿದ ದಿನದಿಂದಲೋ ಎಂದು ಮೊದಲೇ ಬರಹದಲ್ಲಿ ಪಡೆದಿರಬೇಕು. ನನ್ನ ಬಳಿ "ತಲುಪಿದ ದಿನದಿಂದ" ಎಂಬ ಸಾಲು ಇತ್ತು.

ವಿಡಿಯೊ ಮತ್ತು ಪರೀಕ್ಷೆಯ ಫಲಿತಾಂಶ ನೋಡಿದ ಮಾರಾಟಗಾರರು ತಕರಾರು ಮಾಡಲಿಲ್ಲ. ಕೆಟ್ಟದ್ದನ್ನು ವಾಪಸ್ ಕಳಿಸುವ ಖರ್ಚು ಪಟ್ಟಿಯ ಬೆಲೆಯ ಹತ್ತಿರಕ್ಕೇ ಬರುತ್ತಿತ್ತು. ಅದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ವಾಪಸ್ ಕೇಳದೆ ಇನ್ನೊಂದನ್ನು ಅಂಚೆಯಲ್ಲಿ ಕಳಿಸಲು ಒಪ್ಪಿದರು. ಬದಲಿ ವಸ್ತು ಎಂದು ಬೆಲೆಯ ಜಾಗದಲ್ಲಿ ಸೊನ್ನೆ ಬರೆಯಬೇಡಿ ಎಂದು ನಾನೇ ಹೇಳಿದೆ. ಹಣ ಕೊಡದಿದ್ದರೂ ವಸ್ತುವಿಗೆ ಬೆಲೆ ಇದ್ದೇ ಇದೆ, ಸೊನ್ನೆ ಕಂಡರೆ ಮತ್ತೆ ಪ್ರಶ್ನೆ ಏಳುತ್ತದೆ. ಕಸ್ಟಮ್ಸ್‌ಗೆಂದು ಅಂಟಿಸುವ ಅಂಚೆಯ ಸಿಎನ್22 ಚೀಟಿಯಲ್ಲಿ ನಿಜವಾದ ಬೆಲೆ, "ವಾರಂಟಿ ಬದಲಿ" ಎಂಬ ಮಾತು, ಮೊದಲ ಇನ್‌ವಾಯ್ಸ್‌ನ ಸಂಖ್ಯೆ ಮೂರನ್ನೂ ಬರೆಸಿದೆ. ಅಂತರರಾಷ್ಟ್ರೀಯ ಅಂಚೆಯ ಟ್ರ್ಯಾಕಿಂಗ್ ಸಂಖ್ಯೆ ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ದೇಶ ಸೂಚಿಸುವ ಎರಡು ಅಕ್ಷರಗಳಾಗಿರುತ್ತದೆ. ಕಳಿಸಿದ ದೇಶದ ಪುಟದಲ್ಲೂ ತಲುಪುವ ದೇಶದ ಪುಟದಲ್ಲೂ ಅದೇ ಸಂಖ್ಯೆ ನಡೆಯುತ್ತದೆ. ಆ ಚಿಕ್ಕ ಲಕೋಟೆ ನಿಧಾನವಾಗಿ ಬಂದರೂ ತೊಂದರೆಯಿಲ್ಲದೆ ಬಂತು. ಪರೀಕ್ಷೆಯಲ್ಲಿ ಕೆಂಪು ಸಾಲುಗಳು ಮತ್ತೆ ಕಾಣಲಿಲ್ಲ.

ಖರ್ಚಿನ ವಿಷಯ. ಇದೇ ಸಾಮರ್ಥ್ಯಕ್ಕೆ ದೇಶದೊಳಗೆ ಕೇಳಿದ ಬೆಲೆಯನ್ನು 100 ಎಂದು ಇಟ್ಟುಕೊಂಡರೆ, ಮಾರಾಟಗಾರರಿಗೆ ಕೊಟ್ಟದ್ದು 46. ಸಾಗಣೆಗೆ 9, ವಿಮೆಗೆ 1. ಇವು ಮೂರೂ ಸೇರಿದ ಮೊತ್ತದ ಮೇಲೆ ತೆರಿಗೆ ಸುಮಾರು 11. ಕೊರಿಯರ್ ಶುಲ್ಕ ಮತ್ತು ಗೋದಾಮಿನ ಬಾಡಿಗೆ 2, ಬ್ಯಾಂಕಿನ ಹೊರದೇಶದ ವಹಿವಾಟಿನ ಶುಲ್ಕ 2. ಒಟ್ಟು 71. ಮಾರಾಟದ ಪುಟದಲ್ಲಿ ಅರ್ಧಕ್ಕಿಂತ ಕಡಿಮೆಯಾಗಿ ಕಂಡದ್ದು ಕೈಗೆ ಬರುವ ಹೊತ್ತಿಗೆ ಮುಕ್ಕಾಲಿನ ಹತ್ತಿರ ಬಂದು ನಿಂತಿತು. ಆದರೂ ನನಗೆ ಇದು ಒಳ್ಳೆಯ ವ್ಯಾಪಾರವೇ. ಅದೇ 46ರ ಜಾಗದಲ್ಲಿ 70 ಇದ್ದಿದ್ದರೆ ಉಳಿತಾಯ ಪೂರ್ತಿ ಅಳಿಸಿಹೋಗುತ್ತಿತ್ತು, ತಲೆನೋವು ಮಾತ್ರ ಉಳಿಯುತ್ತಿತ್ತು. ಹೊರಗಿನ ಬೆಲೆ ಒಳಗಿನ ಬೆಲೆಯ ಅರ್ಧದ ಆಸುಪಾಸಿನಲ್ಲಿ ಇಲ್ಲದಿದ್ದರೆ ನಾನಂತೂ ಕೈ ಹಾಕುವುದಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್‌ನಂಥ, ಎಲ್ಲೆಡೆ ಬೆಲೆ ಹೆಚ್ಚುಕಡಿಮೆ ಒಂದೇ ಇರುವ ವಸ್ತುಗಳಿಗೆ ಈ ದಾರಿ ಬೇಡ. ಹಾಗೆ ತಂದದ್ದಕ್ಕೆ ಹಲವು ತಯಾರಕರು ಕೊಂಡ ದೇಶದಲ್ಲಿ ಮಾತ್ರ ವಾರಂಟಿ ಕೊಡುತ್ತಾರೆ.

ಇನ್ನೊಂದು ವಿಷಯ ಬಾಕಿ ಇದೆ. ತರಿಸಿದ ಭಾಗವನ್ನು ಮುಂದೆ ದುರಸ್ತಿಗೆಂದು ಹೊರದೇಶಕ್ಕೆ ಕಳಿಸಿ ವಾಪಸ್ ತರಿಸಿಕೊಂಡರೆ, ಅದನ್ನು ಹೊಸ ಆಮದು ಎಂದು ಪರಿಗಣಿಸಿ ಮತ್ತೆ ತೆರಿಗೆ ಹಾಕುವ ಸಾಧ್ಯತೆ ಇರುತ್ತದೆ. ಹೊರಗೆ ಹೋಗುವಾಗಲೇ ಸೀರಿಯಲ್ ಸಂಖ್ಯೆ ನಮೂದಿಸಿ, ದುರಸ್ತಿಗಾಗಿ ತಾತ್ಕಾಲಿಕ ರಫ್ತು ಎಂದು ಕಸ್ಟಮ್ಸ್ ದಾಖಲೆ ಮಾಡಿಸಿಕೊಳ್ಳಬೇಕು. ಆಗ ಮೊದಲ ಸಲ ತೆರಿಗೆ ಕಟ್ಟಿದ ಚೀಟಿಯನ್ನೂ ಕೇಳುತ್ತಾರೆ. ಆ ಚೀಟಿಯ ಮೂಲ ಪ್ರತಿಯನ್ನು ಕೊರಿಯರ್ ಕಂಪನಿ ತಾನಾಗಿ ಕಳಿಸಲಿಲ್ಲ, ನಾನು ಕೇಳಿ ತರಿಸಿಕೊಂಡೆ. ಪೆಟ್ಟಿಗೆ ಕೈಗೆ ಬಂದ ವಾರದಲ್ಲೇ ನೀವೂ ಕೇಳಿ ಪಡೆದುಕೊಳ್ಳಿ.